ಮಾವನ ಸ್ಯಾಕ್ಸೋಫೋನೂ ಕೊತ್ತತ್ತಿಯ ಚಿರತೆಯೂ

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿಲ್ಲ ಎಂದು ಮಂಡ್ಯದಲ್ಲಿ ಇನ್ನೂ ವಾದಿಸುತ್ತಿರುವವನು ನಾನೊಬ್ಬನೇ. ಅದೂ ಹಬ್ಬದೂಟಕ್ಕೆ ಕರೆಯುತ್ತಾರಲ್ಲ ಎಂಬ ಋಣಕ್ಕೆ!

ಅತ್ತೆಯ ಕಿವಿ ಮಂದವಾಗುತ್ತಾ ಬಂದಿತ್ತು. ಮೊದಲು ಕುಕ್ಕರಿನ ಸೀಟಿ ಕೇಳದಾಯಿತು, ಆಮೇಲೆ ಮಾವನ ಮಾತೂ ಕೇಳದಾಯಿತು. ಮಾವ ಮೇಷ್ಟ್ರಾಗಿದ್ದವರಾದರೂ ಅವರದು ಮೊದಲಿಂದಲೂ ಕೀರಲು ದನಿ. ಕಿವಿಗೆ ಯಂತ್ರ ತಂದರೆ, ತಲೆಯೊಳಗೆ ಜೇನು ಎದ್ದ ಹಾಗಾಗುತ್ತದೆ ಎಂದು ಅತ್ತೆ ಅದನ್ನು ಅಕ್ಕಿ ಡಬ್ಬಕ್ಕೆ ಹಾಕಿಬಿಟ್ಟರು. "ಸಣ್ಣ ದನಿ ಮೊದಲು ಹೋಗುತ್ತೆ, ದಪ್ಪ ದನಿ ಸ್ವಲ್ಪ ಉಳಿದಿರಬಹುದು" ಎಂದರಂತೆ ಡಾಕ್ಟರು. ಅಷ್ಟೇ ಸಾಕಾಯಿತು! ಮಾವ ಮದ್ದೂರಿನ ಬ್ಯಾಂಡ್‌ಸೆಟ್ಟಿನವರಿಂದ ದಪ್ಪ ದನಿಯ ಹಳೆಯ ಟೆನರ್ ಸ್ಯಾಕ್ಸೋಫೋನು ಹೊತ್ತು ತಂದರು.

"ಏನ್ ಮಾವ ಇದು!"

"ಬೆಲ್ಜಿಯಂ ದೇಸದೋನೊಬ್ಬ ಮಿಲ್ಟ್ರಿ ಬ್ಯಾಂಡಿಗೇಂತ ಮಾಡಿದ್ದು ಕಣ್ಲಾ. ಮೈಯೆಲ್ಲಾ ಇತ್ತಾಳೆ, ನೆಂಟಸ್ತಿಕೆ ಮಾತ್ರ ಕೊಳಲಿನ ಕಡೆ! ದನಿ ಉಟ್ಟಾದು ಬಾಯ್ತಾವಿರೋ ಈ ಜೊಂಡಿನ ಸೀಳಿಂದ. ಬರೀ ಉಲ್ಲು ಕಣ್ಲಾ!"

ಆ ಸೀಳು ವಾರದೊಳಗೇ ಮುರಿಯಿತು. ಮಂಡ್ಯದಲ್ಲಿ ಕಬ್ಬಿಗೇನು ಬರವೇ? ಮಾವ ಕಬ್ಬಿನ ಸಿಪ್ಪೆಯನ್ನೇ ಹೆರೆದು ಕಟ್ಟಿದರು. ದನಿ ಬರಲಿಲ್ಲ, ಇರುವೆ ಬಂದವು! ತುಟಿ ಬೋಂಡದಂತೆ ಊದಿಕೊಂಡಿತು.

ಹೊಸ ಸೀಳು ತರಿಸಿದ ಮೇಲೆ ಬೀದಿಯವರು ಜಗಳಕ್ಕೆ ನಿಂತರು. ಮಾವ ಕೊತ್ತತ್ತಿಯ ತಮ್ಮ ಕಬ್ಬಿನ ಗದ್ದೆಗೆ ಹೋಗಿ ಅಭ್ಯಾಸಕ್ಕೆ ಕೂತರು. ನಾನು ಊಟ ತೆಗೆದುಕೊಂಡು ಹೋದರೆ, ಗದ್ದೆಯ ಸುತ್ತ ದೊಣ್ಣೆ ಹಿಡಿದ ಊರು!

"ಓಗ್ಬ್ಯಾಡಿ ಸಾ! ಒಳಗೆ ಚಿರತೆ ಗುರ್ ಅಂತೈತೆ!"

ಮಾವ ಒಳಗಿದ್ದಾರಲ್ಲ! ಅಷ್ಟರಲ್ಲಿ ಗರಿ ಸರಿಯಿತು, ಹಿತ್ತಾಳೆ ಹೊಳೆಯಿತು. "ಅಯ್ಯೋ, ಮೇಷ್ಟ್ರು ಕಣ್ರಲಾ!" ಎಂದನೊಬ್ಬ. "ಚಿರತೆ ಆಗಿದ್ರೆ ಬೋನಾದ್ರೂ ಇಡ್ಬೋದಿತ್ತು."

ಆ ಸಂಜೆ ಅತ್ತೆ ಗೋಡೆ ಕಡೆ ತಿರುಗಿ ಅವರೆಕಾಯಿ ಬಿಡಿಸುತ್ತಿದ್ದರು. ಮಾವ ಹಿಂದೆ ನಿಂತು, ಅತ್ತೆ ಹಿಂದೆಲ್ಲ ಪೈರು ನೆಡುವಾಗ ಹಾಡುತ್ತಿದ್ದ ನಾಟಿಪದವನ್ನು ತಡವರಿಸುತ್ತಾ ಊದಿದರು. ಅತ್ತೆ ತಲೆ ಎತ್ತಲಿಲ್ಲ. ಮತ್ತೆ ಊದಿದರು. ಕಾಯಿ ಬಿಡಿಸುವುದು ನಡೆದೇ ಇತ್ತು.

"ಬುಡು ಕಣ್ಲಾ, ಕೇಳಾಕಿಲ್ಲ ಅವ್ಳ್ಗೆ" ಎಂದು ಮಾವ ನನ್ನ ಮುಖ ನೋಡದೆ ಸ್ಯಾಕ್ಸೋಫೋನಿನ ಕೊರಳಪಟ್ಟಿ ಬಿಚ್ಚತೊಡಗಿದರು.

ಅತ್ತೆಯ ಕೈ ನಿಂತಿತು.

"ಯಾಕ್ರೀ ಸುಮ್ಕಾಗ್ಬುಟ್ರಿ?" ಎಂದರು, ತಿರುಗದೆಯೇ. "ಎಷ್ಟ್ ದಿಸಕ್ಕೆ ಮಾತಾಡಿದ್ರಿ. ಇನ್ನೊಸಿ ಮಾತಾಡಿ."

ಮಾವ ಸ್ಯಾಕ್ಸೋಫೋನನ್ನು ಮತ್ತೆ ಬಾಯಿಗಿಟ್ಟುಕೊಂಡರು. ಅಳು ನುಗ್ಗಿ ಬಂದು, ಊದುವುದಕ್ಕೇ ಆಗಲಿಲ್ಲ.