ಸತ್ತರೆ ಮಾತ್ರ ರಜೆ

ಹುಬ್ಬಳ್ಳಿಗೆ ಪ್ಲೇಗು ಬಂದಾಗಲೂ ಅಷ್ಟು ಜನ ಸತ್ತಿರಲಿಕ್ಕಿಲ್ಲ, ದುರ್ಗದಬೈಲಿನಲ್ಲಿದ್ದ ನಮ್ಮ ಸೋದರಮಾವನ ಬಟ್ಟೆ ಅಂಗಡಿಯ ನೌಕರರ ಮನೆಗಳಲ್ಲಿ ಸತ್ತಷ್ಟು! ಅಜ್ಜಿಯರು ಸತ್ತರು, ಅತ್ತೆಯರು ಸತ್ತರು, ಷಡ್ಡಕರು ಸಾಲುಗಟ್ಟಿ ಸತ್ತರು. ಒಬ್ಬ ಗುಮಾಸ್ತನ ಅಜ್ಜನಂತೂ ಹಬ್ಬಕ್ಕೊಮ್ಮೆ ಸಾಯುತ್ತಿದ್ದ. ಇಷ್ಟು ಜನರನ್ನು ಕೊಂದದ್ದು ಯಾವ ರೋಗವೂ ಅಲ್ಲ, ನಮ್ಮ ಮಾಮಾ! ಹಾಗೆಂದು ಹೆದರಬೇಡಿ, ಇರುವೆ ತುಳಿದರೂ ಹಳಹಳಿಸುವ ಮನುಷ್ಯ ಅವರು. ಆದರೆ ಅವರ ಅಂಗಡಿಯಲ್ಲಿ ಒಂದು ನಿಯಮವಿತ್ತು. ಮನೆಯಲ್ಲಿ ಯಾರಾದರೂ ಸತ್ತರೆ ಮಾತ್ರ ರಜೆ.

"ಲಗ್ನ ಮುಂದ ಹಾಕಬಹುದು, ಹಬ್ಬ ಮುಂದಿನ ವರ್ಷಾನೂ ಬರ್ತೈತಿ. ಸಾವೊಂದ ನಮ್ಮ ಕೈಯಾಗಿಲ್ಲ. ಅದಕ್ಕ ಕೊಡ್ತೇನಿ ರಜಾ," ಎಂದು ಗಾದಿಯ ಮೇಲೆ ಕೂತು ಹೇಳುತ್ತಿದ್ದರು. ಎಂಥ ಉದಾರ ಮನಸ್ಸು ನೋಡಿ! ಎಲ್ಲರನ್ನೂ ಸಮನಾಗಿ ನೋಡುತ್ತೇನೆಂಬ ಹೆಮ್ಮೆ ಬೇರೆ ಅವರಿಗೆ. ಅದು ಸುಳ್ಳೂ ಅಲ್ಲ. ಹಳಬ ಹೊಸಬ ಎನ್ನದೆ ಎಲ್ಲರಿಗೂ ಒಂದೇ ತೂಕದ ಬೈಗುಳ ಸಿಗುತ್ತಿತ್ತು. ಮ್ಯಾಟ್ರಿಕ್ಕಿನಲ್ಲಿ ನಪಾಸಾಗಿ ಅಲ್ಲಿ ಕೆಲಸಕ್ಕೆ ನಿಂತ ನನಗೂ ಅಷ್ಟೇ. ನನ್ನ ಪಾಡು ಉಳಿದವರಿಗಿಂತ ಕೆಟ್ಟದ್ದು. ನನ್ನ ಬಂಧುಗಳೆಲ್ಲ ಮಾಮಾನಿಗೂ ಬಂಧುಗಳೇ ಆದ್ದರಿಂದ ನಾನು ಯಾರನ್ನೂ ಕೊಲ್ಲುವಂತಿರಲಿಲ್ಲ.

ಕೆಲಸಕ್ಕೆ ತೆಗೆದುಕೊಳ್ಳುವ ರೀತಿಯೂ ಅವರದೇ. ಬಂದವನ ಹೆಸರು ಕೇಳುತ್ತಿರಲಿಲ್ಲ, ಓದು ಕೇಳುತ್ತಿರಲಿಲ್ಲ. ಒಂದು ಇಲಕಲ್ ಸೀರೆಯನ್ನು ಬಿಚ್ಚಿ ಅವನ ಮುಂದೆ ಒಗೆದು, "ಮಡಚ್ರಿ," ಎನ್ನುತ್ತಿದ್ದರು. ಅಂಚಿಗೆ ಅಂಚು ಕೂತರೆ ಕೆಲಸ ಸಿಕ್ಕಂತೆ. ಒಂದು ದಿನ ಧಾರವಾಡದಿಂದ ದೂರದ ನೆಂಟರೊಬ್ಬರು ಮಗನ ಲಗ್ನಪತ್ರಿಕೆ ಕೊಡಲು ಅಂಗಡಿಗೆ ಬಂದರು. ಮಾಮಾನಿಗೆ ಅವರ ಗುರುತು ಹತ್ತಲಿಲ್ಲ; ಪತ್ರಿಕೆ ಕಿಸೆಯಿಂದ ಹೊರಗೆ ಬರುವಷ್ಟರಲ್ಲಿ ಸೀರೆ ಅವರ ಮುಂದೆ ಬಿತ್ತು. ಲಗ್ನಕ್ಕೆ ಉಡುಗೊರೆಯಾಗಿ ಕೊಡುವ ಆಹೇರಿನ ಸೀರೆಯನ್ನು ಇಲ್ಲಿಯೇ ಕೊಡುತ್ತಿದ್ದಾರೆಂದು ತಿಳಿದ ಆ ಹಿರಿಯರು ಖುಷಿಯಿಂದ ಚೆಂದಾಗಿ ಮಡಚಿ ಬಗಲಿಗೇರಿಸಿದರು.

"ಶಾಬಾಸ್! ನಾಳಿಂದ ಬರ್ರಿ," ಎಂದರು ಮಾಮಾ.

"ನಾಳಿ ಯಾಕ್ರಿ? ಲಗ್ನ ಇರೂದು ಮುಂದಿನ ಸೋಮವಾರ."

"ಕೆಲಸಕ್ಕ ಬರೂಕಿಂತ ಮೊದಲಽ ಲಗ್ನದ ಮಾತು! ಲಗ್ನಕ್ಕೆಲ್ಲಾ ನಮ್ಮಲ್ಲೆ ರಜಾ ಇಲ್ಲ, ಹೇಳಿರ್ತೇನಿ!"

ವರನ ತಂದೆ ಸೀರೆಯನ್ನು ಅಲ್ಲಿಯೇ ಇಟ್ಟು ಹೋದವರು ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ. ಮಾಮಾ ಮಾತ್ರ ಎಷ್ಟೋ ದಿನ, "ಅಂಥಾ ಕೈ ಮತ್ತ ಸಿಗಲಿಲ್ಲ ನೋಡ," ಎಂದು ಹಲುಬುತ್ತಿದ್ದರು.

ರಜೆ ಕೊಟ್ಟು ಸುಮ್ಮನೆ ಕೂಡುವವರಾದರೂ ಆಗಿದ್ದರೆ ನೌಕರರು ಬದುಕಿಕೊಳ್ಳುತ್ತಿದ್ದರು. ಮಾಮಾ ರೀತಿನೀತಿಯ ಮನುಷ್ಯ. ಸತ್ತವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೇಕಾದವರು ಬುತ್ತಿ ಒಯ್ದು ಉಣಿಸಿ ಬರಬೇಕಲ್ಲವೇ? ಒಮ್ಮೆ ಗುಮಾಸ್ತ ವಿಠೋಬನ ಅತ್ತೆ ತೀರಿಕೊಂಡಳು. ಎರಡನೆಯ ಸಲ! ಮೊದಲನೆಯ ಸಲ ಸತ್ತದ್ದು ಮಾಮಾನಿಗೆ ಮರೆತುಹೋಗಿತ್ತು. ನಮ್ಮ ಅವ್ವನಿಂದ ರೊಟ್ಟಿ ತಟ್ಟಿಸಿ, ಝುಣಕ ಮಾಡಿಸಿ, ಗಂಟನ್ನು ನನ್ನ ತಲೆಯ ಮೇಲಿಟ್ಟು ಹೊರಟರು. ವಿಠೋಬನ ಮನೆಯ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಾಮಾ ಮುಖ ಸಣ್ಣದು ಮಾಡಿಕೊಂಡರು.

"ಏನ ಮಾಡೂದ್ರಿ ಯವ್ವಾ, ದೇವರ ಇಚ್ಛಾ. ನೀವರೆ ಧೈರ್ಯಾ ತಗೋಬೇಕು."

"ಯಾರ ಸತ್ತಾರ್ರಿ ಯಪ್ಪಾ?"

"ವಿಠೋಬಾನ ಅತ್ತಿ."

ಮುದುಕಿ ಮೊರ ಕೆಳಗಿಟ್ಟಳು. "ಅಯ್ಯ! ನಾನಽ ಅಲ್ಲೇನ್ರಿ ಅವನ ಅತ್ತಿ!"

ಮಾಮಾ ಗಂಟನ್ನು ನನ್ನ ತಲೆಯಿಂದ ಇಳಿಸಿ ಕಟ್ಟೆಯ ಮೇಲಿಟ್ಟರು. ಮುದುಕಿಗೇನು, ತಂದ ಬುತ್ತಿ ಹಾಳಾಗಬಾರದೆಂದು ಗಂಟು ಬಿಚ್ಚಿ ಎರಡು ರೊಟ್ಟಿ ಉಂಡಳು. ಝುಣಕಕ್ಕೆ ಉಪ್ಪು ಕಡಿಮೆಯಾಗಿದೆ ಎಂದೂ ಹೇಳಿದಳು. ಮರುದಿನ ವಿಠೋಬನನ್ನು ಕೆಲಸದಿಂದ ತೆಗೆಯುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು. ಮಾಮಾ ತೀರ್ಪು ಕೊಟ್ಟರು: "ಅಕಿ ಸಾವಿನ ರಜಾ ನೀ ಆಗಲೇ ತಗೊಂಡಿ. ಇನ್ನ ಅಕಿ ಖರೇನ ಸತ್ರೂ ನಿನಗ ರಜಾ ಇಲ್ಲ!"

ಹೀಗೆ ಮಾಮಾ ತಮ್ಮ ಅಂಗಡಿಯಲ್ಲಿ ಸುಳ್ಳುಗಾರರ ಒಂದು ಒಳ್ಳೆಯ ಪಡೆ ಕಟ್ಟಿದ್ದರು. ಕಟ್ಟಿದ್ದು ತಾವೇ ಎಂಬುದೊಂದು ಅವರಿಗೆ ಗೊತ್ತಿರಲಿಲ್ಲ. ಪಡೆಗೆ ಸೇರದವನು ಒಬ್ಬನೇ, ಕುಪ್ಪಸದ ಖಣ ಅಳೆದು ಕೊಡುವ ಕಟ್ಟೆಯ ಶಿವಪ್ಪ. ಎಂಟು ವರ್ಷದಲ್ಲಿ ಅವನ ಮನೆಯಲ್ಲಿ ಒಬ್ಬರೂ ಸತ್ತಿರಲಿಲ್ಲ. ಪಾಪ, ಅಷ್ಟು ದಡ್ಡ ಎಂದು ನಾವು ನಗುತ್ತಿದ್ದೆವು.

ಆ ವರ್ಷ ದೀಪಾವಳಿ ನಾಲ್ಕು ದಿನ ಇದೆ ಎನ್ನುವಾಗ ಶಿವಪ್ಪನ ಹೆಂಡತಿಗೆ ವಿಷಮಜ್ವರ ಬಂತು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಶಿವಪ್ಪ ಅಳತೆಯ ಗಜ ಕೈಯಲ್ಲಿ ಹಿಡಿದೇ ಗಾದಿಯ ಮುಂದೆ ಬಂದು ನಿಂತ.

"ಸಾವ್ಕಾರ್ರ, ಇವತ್ತಿನ ದಿನ ದಾಟಿದ್ರ ಉಳೀತಾಳ ಅಂದಾರ ಡಾಕ್ಟರು. ಮನ್ಯಾಗ ಹತ್ರ ಕೂಡವ್ರು ಯಾರೂ ಇಲ್ಲ. ನಾ ಹೋಗ್ಲೇನ್ರಿ?"

"ಜ್ವರಕ್ಕ ರಜಾ ಇಲ್ಲೋ ಶಿವಪ್ಪ. ನಿಯಮ ನಿನಗ ಗೊತ್ತೈತಿ."

ಶಿವಪ್ಪ ಅಲ್ಲಿಂದ ಕದಲಲಿಲ್ಲ. ವಿಠೋಬ ಹಿಂದಿನಿಂದ ಅವನ ಅಂಗಿ ಜಗ್ಗಿ, "ಸತ್ಲು ಅಂತ ಹೇಳಿ ಹೋಗಲೇ, ಹುಚ್ಚಾ!" ಎಂದು ಪಿಸುಗುಟ್ಟಿದ್ದು ನನಗೂ ಕೇಳಿಸಿತು, ಮಾಮಾನಿಗೂ ಕೇಳಿಸಿತು.

ಶಿವಪ್ಪನ ಕಣ್ಣಲ್ಲಿ ನೀರು ಬಂತು. "ಹಂಗಂದ್ರ ರಜಾ ಸಿಗತೈತಿ, ಗೊತ್ತೈತ್ರಿ. ಆದ್ರ ಅಕಿ ಉಸಿರಾಡಾಕತ್ತಾಳ. ನನ್ನ ಬಾಯಿಲೆ ಹ್ಯಾಂಗ ಅನ್ನಲ್ರಿ ಆ ಮಾತು?"

ಮಾಮಾ ಗಾದಿಯಿಂದ ಕೆಳಗಿಳಿದರು. ವ್ಯಾಪಾರದ ಹೊತ್ತಿನಲ್ಲಿ ಅವರು ಇಳಿದದ್ದನ್ನು ನಾನು ಅದೇ ಮೊದಲು ನೋಡಿದೆ. ಶಿವಪ್ಪನ ಕೈಯಿಂದ ಗಜ ಕಸಿದುಕೊಂಡರು. "ಓಡು. ಟಾಂಗಾ ಹಿಡಿ, ಲಗೂ ಓಡು. ಅಕಿ ಎದ್ದು ಅಡಗಿ ಮಾಡೂತನಕ ಈ ಕಡೆ ಮುಖಾ ತೋರಿಸಬ್ಯಾಡ." ಶಿವಪ್ಪ ಚಪ್ಪಲಿ ಬಿಟ್ಟೇ ಓಡಿದ.

ಆಕೆ ಉಳಿದಳು. ಅದನ್ನು ಬಚ್ಚಿಟ್ಟು ನಿಮ್ಮ ಜೀವ ತಿನ್ನುವ ಆಸೆ ನನಗಿಲ್ಲ. ಆದರೆ ಆ ಮಧ್ಯಾಹ್ನ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ. ಮಾಮಾ ಶಿವಪ್ಪನ ಜಾಗದಲ್ಲಿ ನಿಂತು ಖಣ ಅಳೆಯತೊಡಗಿದರು. ಅಳತೆ ಮತ್ತೆ ಮತ್ತೆ ತಪ್ಪುತ್ತಿತ್ತು. ನನಗೆ ಬಾಯಿ ಸುಮ್ಮನಿರಬೇಕಲ್ಲ!

"ಏನ್ರಿ ಮಾಮಾ, ನಿಯಮ ಮುರದ್ರೆಲಾ?"

ಅವರು ತಲೆ ಎತ್ತಲಿಲ್ಲ. "ನಿಯಮ ನಂದಲ್ಲೋ, ನಮ್ಮಪ್ಪಂದು. ಈ ಗಾದಿ ಕೂಡ ಬಂತು, ನಡಿಸಿಕೋತ ಬಂದೆ. ನಿಮ್ಮ ಮಾಮಿಗೆ ಹಿಂಗಽ ಜ್ವರ ಬಂದಾಗ ನಾನೂ ಇಲ್ಲೇ ನಿಂತು ರಜಾ ಕೇಳಿದ್ದೆ."

ಆ ಮಾಮಿ ನಾನು ಹುಟ್ಟುವ ಮೊದಲೇ ತೀರಿಕೊಂಡವಳು. ಎಲ್ಲ ಗೊತ್ತಿದ್ದೂ ಈ ಮನುಷ್ಯ ಇಷ್ಟು ವರ್ಷ ಅದನ್ನೇ ನೌಕರರಿಗೆ ಬಡಿಸಿದರಲ್ಲ ಎಂದು ನನಗೆ ಸಿಟ್ಟು ಬಂತು. ಅವರ ಮುಖ ನೋಡಿದ ಮೇಲೆ ಅಳು ಬಂತು.

"ಅಜ್ಜ ರಜಾ ಕೊಡಲಿಲ್ಲೇನ್ರಿ?"

"ಕೊಟ್ಟ," ಎಂದರು ಮಾಮಾ. "ಮರುದಿನ ಕೊಟ್ಟ. ಹದಿಮೂರು ದಿನ ಕೊಟ್ಟ."