ಮುಟ್ಟಬೇಡಿ ಅಂದ ಕ್ಲಚ್ಚು

ಕನ್ನಡಕದಂಗಡಿ ನಡೆಸುವ ಕನ್ನಡಕದವರ ಭಾನುವಾರ ಕೆಟ್ಟಿದ್ದು ಹೆಂಡತಿಯ ಒಂದೇ ಒಂದು ಮಾತಿನಿಂದ. ಕಾಫಿ ಲೋಟವನ್ನು ಮೇಜಿನ ಮೇಲಿಡುತ್ತ ಆಕೆ, "ನಿನ್ನೆ ಲಿಫ್ಟಲ್ಲಿ ಹಲ್ಲಿನ ಡಾಕ್ಟರು ಸಿಕ್ಕಿದ್ರು ರೀ. ಆ ಕಾರಿನ ಕ್ಲಚ್ ಬದಲಾಯಿಸೋದು ನಿಮ್ಮ ಕೈಲಾಗೋ ಕೆಲಸ ಅಲ್ವಂತೆ. ನಾನೂ ಹೌದು ಅಂದೆ," ಎಂದಳು.

ಡಾಕ್ಟರು ಏನು ಬೇಕಾದರೂ ಅನ್ನಲಿ. ಊರವರ ಬಾಯೊಳಗೆ ಕೈ ಹಾಕಿ ಬದುಕುವ ಮನುಷ್ಯನ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಕೊನೆಯಲ್ಲಿ ಸದ್ದಿಲ್ಲದೆ ಬಂದ ಆ 'ನಾನೂ ಹೌದು ಅಂದೆ' ಇದೆಯಲ್ಲ, ಅದು ಚುರ್ರೆಂದು ಸುಟ್ಟಿತು. ಕನ್ನಡಕದವರು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

"ಎಲ್ಲಿಗೆ?"

"ಕೆಳಗೆ."

"ಅಯ್ಯೋ, ಬೇಡ ರೀ. ಮಂಚದ ಕೆಳಗಿರೋ ಕ್ಲಚ್ ಡಬ್ಬಾನ ಮಾತ್ರ ಮುಟ್ಟಬೇಡಿ," ಎಂದಳಾಕೆ. ಅಷ್ಟರಲ್ಲಿ ಡಬ್ಬ ಅವರ ಕಂಕುಳಲ್ಲಿತ್ತು.

ಹೊಸ ಕ್ಲಚ್ ಇದ್ದ ಆ ಡಬ್ಬ ಎರಡು ವರ್ಷದಿಂದ ಮಂಚದ ಕೆಳಗೇ ಧೂಳು ತಿನ್ನುತ್ತಿತ್ತು. ಕಾರು ಎರಡು ವರ್ಷದಿಂದ ಕಟ್ಟಡದ ನೆಲಮಾಳಿಗೆಯಲ್ಲಿ, ಲಿಫ್ಟಿನ ಪಕ್ಕದ ಮೂಲೆಯಲ್ಲಿ, ಬಟ್ಟೆ ಹೊದ್ದು ಮಲಗಿತ್ತು. ಕೆಂಪು ಬಣ್ಣದ್ದು, ಇಬ್ಬರೇ ಕೂರುವಂಥದ್ದು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುತ್ತಿದ್ದ ಹಳೆಯ ಸ್ಪೋರ್ಟ್ಸ್ ಕಾರು. ಕ್ಲಚ್ ಸವೆದು ಹೋಗಿ, ಎಂಜಿನ್ನು ಎಷ್ಟು ಬೊಬ್ಬೆ ಹೊಡೆದರೂ ಚಕ್ರ ಮಾತ್ರ ಕದಲುತ್ತಿರಲಿಲ್ಲ. ಹಾಕಿಸಿ ಎಂದವರಿಗೆಲ್ಲ ಕನ್ನಡಕದವರು, "ನನ್ನ ಕಾರು, ನನ್ನಿಷ್ಟ," ಎಂದಿದ್ದರು. ತಳ್ಳಿಸಿ ಹೊರಗೆ ನಿಲ್ಲಿಸೋಣ ಎಂದವರ ಎದುರಿಗೆ ಕಾರಿನೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂತಿದ್ದರು.

ಹಾಗಂತ ಪ್ರೀತಿ ಇಲ್ಲದೆ ಇಲ್ಲ. ಅವರ ಕೂದಲು ಉದುರಿತ್ತು, ಸೊಂಟ ಹಿಡಿದಿತ್ತು, ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಸಾಸಿವೆ ಕಾಳಿನಷ್ಟು ತಿರುಪುಗಳನ್ನು ಬಿಗಿದು ಬಿಗಿದು ಬೆನ್ನು ಬಾಗಿತ್ತು. ಆದರೂ ಆ ಕಾರಿನ ಸ್ಟಿಯರಿಂಗು ಹಿಡಿದರೆ ತಾನಿನ್ನೂ ಇಪ್ಪತ್ತೈದರ ಹುಡುಗ ಎಂದೇ ಅವರಿಗೆ ಅನಿಸುತ್ತಿತ್ತು. ಅದೊಂದು ಹೋದರೆ ತಮ್ಮಲ್ಲಿ ಉಳಿಯುವುದು ಕನ್ನಡಕದಂಗಡಿ ಮಾತ್ರ ಎಂದು ಅವರಿಗೆ ಭಯವಿತ್ತು.

ನೆಲಮಾಳಿಗೆಯಲ್ಲಿ ಹಲ್ಲಿನ ಡಾಕ್ಟರು ಕಾಯುತ್ತ ನಿಂತಿದ್ದರು. ಅವರು ಕಟ್ಟಡದ ಸಂಘಕ್ಕೆ ಅಧ್ಯಕ್ಷರು ಕೂಡ.

"ಕನ್ನಡಕದವರೇ, ಇವತ್ತು ಸಂಜೆ ಸಭೆ ಇದೆ, ಗೊತ್ತಲ್ಲ? ಓಡೋ ಗಾಡಿಗೆ ಮಾತ್ರ ಜಾಗ ಅಂತ ತೀರ್ಮಾನ ಆಗುತ್ತೆ. ನಿಮ್ಮದು ಓಡಲ್ಲ. ಈ ಮೂಲೆ ಸಂಘಕ್ಕೆ ಹೋಗುತ್ತೆ."

"ಸಂಜೆಯೊಳಗೆ ಓಡಿಸಿದ್ರೆ?"

"ನೀವಾ?" ಡಾಕ್ಟರು ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕರು. "ಸುಮ್ನೆ ಮನೇಲಿ ಮಲ್ಕೊಳ್ಳಿ."

ಮೂಲೆ ಹೋದರೆ ಕಾರು ಬೀದಿಗೆ. ಬೀದಿಗೆ ಬಿದ್ದ ಹಳೆಯ ಕಾರು ನೇರ ಗುಜರಿಗೆ. ಅಷ್ಟು ಲೆಕ್ಕ ಕನ್ನಡಕದವರಿಗೂ ಬರುತ್ತಿತ್ತು. ಕಾರಿನ ಹೊದಿಕೆಯನ್ನು ಒಂದೇ ಸಲಕ್ಕೆ ಜಗ್ಗಿ ಎಳೆದರು. ಎರಡು ವರ್ಷದ ಧೂಳು ಡಾಕ್ಟರ ಬಿಳಿ ಅಂಗಿಯ ಮೇಲೆ ಕೂತಿತು. ಕೆಲಸಕ್ಕೆ ಶುಭಾರಂಭವಾಯಿತೆಂದು ಕನ್ನಡಕದವರಿಗೆ ಖುಷಿಯಾಯಿತು.

ಆದರೆ ಕಾರನ್ನು ಎತ್ತುವುದು ಹೇಗೆ? ಅವರ ಬಳಿ ಇದ್ದದ್ದು ಒಂದು ಸ್ಪ್ಯಾನರ್ ಸೆಟ್ಟು, ಒಂದು ಟಾರ್ಚು ಮತ್ತು ಛಲ. ಅಷ್ಟರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಭಾಮೈದ ಒಂದು ದೊಡ್ಡ ಜಾಕನ್ನೂ ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳನ್ನೂ ಗಡಗಡ ಎಳೆದುಕೊಂಡು ಬಂದ.

"ಯಾರಿಗೋ ಕೊಡಬೇಕು ಭಾವ, ಸ್ವಲ್ಪ ಹೊತ್ತು ಇಲ್ಲಿಟ್ಟಿರ್ತೀನಿ. ನೀವು ಮಾತ್ರ ಮುಟ್ಟಬೇಡಿ. ನಿಮಗೆ ಬಳಸೋಕೆ ಬರಲ್ಲ. ಈ ಹಿಡಿ ಒತ್ತಿದ್ರೆ ಮೇಲೇರುತ್ತೆ, ತಿರುಗಿಸಿದ್ರೆ ಇಳಿಯುತ್ತೆ, ಸ್ಟ್ಯಾಂಡ್ ಕೊಡದೆ ಕೆಳಗೆ ನುಗ್ಗಬಾರದು, ಅಷ್ಟೆಲ್ಲ ತಿಳಿದಿರಬೇಕು."

"ನನಗೆ ಹೇಳಿಕೊಡ್ತೀಯೇನೋ?" ಎಂದು ಭಾವ ಗುಡುಗಿದರು. ಭಾಮೈದ ಬೆನ್ನು ತಿರುಗಿಸಿ ಹೋಗುವಷ್ಟರಲ್ಲಿ ಕಾರು ನಾಲ್ಕೂ ಕಾಲೆತ್ತಿ ಸ್ಟ್ಯಾಂಡುಗಳ ಮೇಲೆ ನಿಂತಿತ್ತು. ಕನ್ನಡಕದವರು ಹಳೆಯ ರಟ್ಟು ಹಾಸಿಕೊಂಡು ಅಡಿಗೆ ಜಾರಿದರು.

ಅಲ್ಲಿಂದ ಅವರ ಪಾಲಿಗೆ ಲೋಕವೆಂದರೆ ಬರೀ ಚಪ್ಪಲಿಗಳು. ಕಂದು ಬೂಟು ಬಂದರೆ ಡಾಕ್ಟರು, ನೀಲಿ ಚಪ್ಪಲಿ ಬಂದರೆ ಹೆಂಡತಿ. ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟು ಬಿಚ್ಚಿದರು. ಗೇರ್ ಎಣ್ಣೆ ಇಳಿಸಬೇಕೆಂದು ನೆನಪಾದದ್ದು ಅದು ಬೋಳುತಲೆಯ ಮೇಲೆ ಇಳಿದಾಗ. ಗೇರ್‌ಬಾಕ್ಸಿನ ಬೋಲ್ಟುಗಳು ಒಂದೊಂದಾಗಿ ಬಂದವು. ಎಲ್ಲಕ್ಕಿಂತ ಮೇಲಿನದೊಂದು ಮಾತ್ರ ಜಪ್ಪಯ್ಯ ಎಂದರೂ ಕೈಗೆ ಸಿಗಲಿಲ್ಲ.

ಆಗ ದಾರದ ತುಂಡುಗಳು ಅಂಟಿಕೊಂಡಿದ್ದ ಒಂದು ಜೊತೆ ಚಪ್ಪಲಿ ಬಂದು ನಿಂತಿತು. ಮೊದಲ ಮಹಡಿಯ ಟೈಲರಮ್ಮ.

"ಅಣ್ಣ, ಮೇಲಿನ ಬೋಲ್ಟಿಗೆ ಕೈ ಹೋಗಲ್ವಂತೆ. ಕಾರಿನ ಒಳಗಡೆಯಿಂದ, ಗೇರ್ ಕಡ್ಡಿ ಹತ್ತಿರದ ಮುಚ್ಚಳ ತೆಗೆದ್ರೆ ಸಿಗುತ್ತಂತೆ. ಆದ್ರೆ ನಿಮಗ್ಯಾಕೆ ಅದೆಲ್ಲ, ಬಿಟ್ಬಿಡಿ."

"ಇದೆಲ್ಲ ನಿಮಗ್ಯಾರು ಹೇಳಿದ್ದು?"

"ಯಾರೋ ಅಂದ್ರು. ನಾನು ಬಟ್ಟೆ ಹೊಲಿಯೋಳು, ನಂಗೇನು ಗೊತ್ತು?" ಚಪ್ಪಲಿ ಸರಸರ ಹೊರಟು ಹೋಯಿತು.

ಟೈಲರಮ್ಮನ ಮಾತು ಕೇಳಿ ಮಾಡಿದೆ ಎನ್ನುವ ಅಪವಾದ ಬರಬಾರದೆಂದು ಕನ್ನಡಕದವರು ಸ್ವಲ್ಪ ಹೊತ್ತು ಸುಮ್ಮನೆ ಮಲಗಿದ್ದರು. ಆಮೇಲೆ ಎದ್ದು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಳಗಿನ ಮುಚ್ಚಳ ತೆಗೆದರು. ಬೋಲ್ಟು ಬಂದೇ ಬಂದಿತು. ಹೋಗಿ ಮತ್ತೆ ಅಡಿಗೆ ನುಗ್ಗಿ, ಗೇರ್‌ಬಾಕ್ಸನ್ನು ಅಪ್ಪಿಕೊಂಡು ಹಿಂದಕ್ಕೆ ಎಳೆದರು. ಅದೂ ಬಂದಿತು. ಬಂದದ್ದು ನೇರ ಎದೆಯ ಮೇಲೆ ಕೂತಿತು.

ಕೂತದ್ದು ಏಳಲಿಲ್ಲ. ಬಾಕಿ ವಸೂಲಿಗೆ ಬಂದ ನೆಂಟನ ಹಾಗೆ ಆರಾಮವಾಗಿ ಕೂತಿತು. ಕನ್ನಡಕದವರು ಆಚೆ ಹೊರಳಲಾರರು, ಈಚೆ ಹೊರಳಲಾರರು. ಉಸಿರು ಅರ್ಧರ್ಧ ಬರುತ್ತಿತ್ತು.

ಬೂಟು ಬಂದಿತು. "ಏನು ಕನ್ನಡಕದವರೇ, ಸದ್ದೇ ಇಲ್ಲ? ಸಹಾಯ ಬೇಕಾ?"

"ಬೇ... ಬೇಡ. ವಿಶ್ರಾಂತಿ."

"ಎದೆ ಮೇಲೆ ಗೇರ್‌ಬಾಕ್ಸ್ ಇಟ್ಕೊಂಡಾ?"

"ನನ್ನ ಎದೆ... ನನ್ನ ಗೇರ್‌ಬಾಕ್ಸು."

ಭಾಮೈದ ಓಡಿ ಬಂದ. ಟೈಲರಮ್ಮ ಬಂದಳು. ಎಲ್ಲರೂ ಬಗ್ಗಿ, ಎತ್ತಲಾ ಎತ್ತಲಾ ಎಂದು ಕೇಳಿದಷ್ಟೂ ಅವರು ಬೇಡ ಬೇಡ ಎಂದು ತಲೆ ಆಡಿಸಿದರು. ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗತೊಡಗಿತು. ಕೊನೆಗೆ ನೀಲಿ ಚಪ್ಪಲಿ ಬಂದಿತು.

"ಯಾರೂ ಕೈ ಹಾಕಬೇಡಿ," ಎಂದಳು ಹೆಂಡತಿ ಗಟ್ಟಿಯಾಗಿ. "ಅವರು ಅಲ್ಲೇ ಇರ್ಲಿ. ರಾತ್ರಿ ಒಂದು ಹೊದಿಕೆ ಕೊಟ್ರಾಯ್ತು."

"ಅದ್ಹೇಗೆ ಇಲ್ಲೇ ಇರ್ಲಿ?" ಎಂದು ಅಡಿಯಿಂದ ಗರ್ಜನೆ ಬಂದಿತು. "ಮನುಷ್ಯರೇನ್ರೀ ನೀವೆಲ್ಲ? ನೋಡ್ತಾ ನಿಂತಿದ್ದೀರಲ್ಲ, ಎತ್ತಿ!"

ನಾಲ್ಕು ಜನ ಸೇರಿ ಎತ್ತಿದರು. ಕನ್ನಡಕದವರು ಎದ್ದು, ಎದೆ ಉಜ್ಜಿಕೊಂಡು, "ನಾನೇ ಎತ್ತೋನಿದ್ದೆ," ಎಂದರು. ಯಾರೂ ನಗಲಿಲ್ಲ. ಅದೇ ಅವರಿಗೆ ವಿಚಿತ್ರ ಅನಿಸಿತು.

ಹಳೆಯ ಕ್ಲಚ್ ಪ್ಲೇಟು ಹೊರಬಂದಾಗ ರೊಟ್ಟಿಗಿಂತ ತೆಳ್ಳಗಾಗಿತ್ತು. ಹೊಸದನ್ನು ಹಾಕುವುದೇ ನಿಜವಾದ ಪರೀಕ್ಷೆ. ಪ್ಲೇಟಿನ ನಡುವಿನ ತೂತು, ಎಂಜಿನ್ನಿನ ನಡುವಿನ ತೂತು ಎರಡೂ ಒಂದೇ ನೇರಕ್ಕೆ ಬರಬೇಕು. ಕೂದಲೆಳೆ ಆಚೀಚೆ ಆದರೂ ಗೇರ್‌ಬಾಕ್ಸು ಒಳಗೆ ಹೋಗುವುದಿಲ್ಲ. ತೂತಿನೊಳಗೆ ಹಿಡಿದು ನಿಲ್ಲಿಸಲು ದುಂಡನೆಯ ಕೋಲೊಂದು ಬೇಕಿತ್ತು.

ಹೆಂಡತಿ ಕಸ ಗುಡಿಸುವ ನೆಪದಲ್ಲಿ ಉದ್ದ ಹಿಡಿಯ ಪೊರಕೆಯನ್ನು ತಂದು ಕಂಬಕ್ಕೆ ಒರಗಿಸಿದಳು. "ನನ್ನ ಹೊಸ ಪೊರಕೆಗೆ ಕೈ ಹಾಕಿದ್ರೆ ನೋಡಿ ಮತ್ತೆ! ಅಲ್ದೆ ನಿಮ್ಮ ಕಣ್ಣಿಗೆ ಆ ನೇರ ಎಲ್ಲ ಕಾಣಲ್ಲ, ವಯಸ್ಸಾಯ್ತು."

ಊರಿನ ಅರ್ಧ ಜನಕ್ಕೆ ಕಣ್ಣು ಕೊಟ್ಟವನಿಗೆ ಈ ಮಾತು! ಲಟಕ್ಕೆಂದು ಪೊರಕೆಯ ಹಿಡಿ ಮುರಿಯಿತು. ಅದಕ್ಕೆ ಟೇಪು ಸುತ್ತಿ ದಪ್ಪ ಮಾಡಿ, ತೂತಿನಲ್ಲಿ ತೂರಿಸಿ, ಕಣ್ಣಿಗೆ ಅಂಗಡಿಯ ಭೂತಗನ್ನಡಿ ಹಿಡಿದು ಪ್ಲೇಟನ್ನು ಕೂರಿಸಿದರು. ಸುತ್ತಲಿನ ಬೋಲ್ಟುಗಳನ್ನು ಚೂರು ಚೂರೇ, ಎದುರುಬದುರಾಗಿ, ಕನ್ನಡಕದ ತಿರುಪು ಬಿಗಿಯುವಷ್ಟೇ ನಾಜೂಕಾಗಿ ಬಿಗಿದರು. ಗೇರ್‌ಬಾಕ್ಸನ್ನು ಜಾಕಿನ ಮೇಲಿಟ್ಟು ಏರಿಸಿ ತಳ್ಳಿದರೆ, ಬಂಗಾರದಂಥದ್ದು, ಚಕ್ ಎಂದು ಒಳಗೆ ಹೋಯಿತು. ಕನ್ನಡಕದವರ ಕಣ್ಣಲ್ಲಿ ನೀರು ಬಂದಿತು. ಎಣ್ಣೆ ಬಿದ್ದದ್ದೆಂದು ಒರೆಸಿಕೊಂಡರು.

ಉಳಿದದ್ದೆಲ್ಲ ಹೂ ಎತ್ತಿದಷ್ಟು ಸಲೀಸು. ಭಾಮೈದ ಮುಟ್ಟಬೇಡಿ ಎಂದ ಬ್ಯಾಟರಿ ಕೂತಿತು, ಡಾಕ್ಟರು ಬೇಡವೆಂದ ಪಂಪಿನಿಂದ ಟೈರಿಗೆ ಗಾಳಿ ತುಂಬಿತು, ಕಾರು ಸ್ಟ್ಯಾಂಡುಗಳಿಂದ ನೆಲಕ್ಕಿಳಿಯಿತು. ಸಂಜೆ ಬೀಗದ ಕೈ ತಿರುಗಿಸಿದಾಗ ಎಂಜಿನ್ನು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹುಲಿಯಂತೆ ಗುರ್ರೆಂದಿತು. ಕ್ಲಚ್ ಒತ್ತಿದರು. ಗೇರ್ ಹಾಕಿದರು. ಕಾಲನ್ನು ಮೆಲ್ಲಗೆ ಎತ್ತಿದರು.

ಚಕ್ರ ತಿರುಗಿತು!

"ನೋಡ್ರೀ! ನೋಡ್ರಪ್ಪಾ! ಆಗಲ್ಲ ಅಂದ್ರಲ್ಲ, ಕಣ್ಣು ಬಿಟ್ಟು ನೋಡಿ! ಕನ್ನಡಕ ಬೇಕಾದ್ರೆ ಅಂಗಡಿಗೆ ಬನ್ನಿ!" ಎಂದು ಕೂಗುತ್ತ, ಮೈಯೆಲ್ಲ ಮಸಿ, ತಲೆಯೆಲ್ಲ ಎಣ್ಣೆ, ಕನ್ನಡಕದವರು ಇಳಿಜಾರು ಏರಿ ಗೇಟು ದಾಟಿ ಬೀದಿಗೆ ಹಾರಿದರು. ಅಂಗಡಿ ಸಾಲಿನ ಮುಂದೆ ಎರಡು ಸುತ್ತು ಹೊಡೆದರು. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನ ಹುಡುಗರು ಹೆಬ್ಬೆರಳೆತ್ತಿ ತೋರಿಸಿದರು. ಬದುಕಿನಲ್ಲಿ ಇಷ್ಟು ಸಂತೋಷ ಅವರಿಗೆ ಆಗಿ ಎಷ್ಟೋ ಕಾಲವಾಗಿತ್ತು. ಸಭೆಯಲ್ಲಿ ಡಾಕ್ಟರ ಮುಖ ಹೇಗಾಗುತ್ತದೆ ಎಂದು ನೆನೆದು ಒಬ್ಬರೇ ನಕ್ಕರು.

ವಾಪಸ್ಸು ನೆಲಮಾಳಿಗೆಗೆ ಇಳಿಯುವಾಗ ಟೊಕ್, ಟೊಕ್, ಟೊಕ್ ಎಂದು ಸದ್ದು ಕೇಳಿಸಿತು. ಕ್ಲಚ್ಚಿನದೇ ಇರಬೇಕೆಂದು ಬ್ರೇಕ್ ಒತ್ತಿ ಕಿವಿಗೊಟ್ಟರು. ಅಲ್ಲ. ಅವರ ಮೂಲೆಯಲ್ಲಿ ಹಸಿರು ಬಣ್ಣದ ಟೇಬಲ್ ಟೆನಿಸ್ ಮೇಜೊಂದು ಕೂತಿತ್ತು. ಕೂದಲು ಎತ್ತಿ ಕಟ್ಟಿದ ಹೆಂಡತಿ ಬ್ಯಾಟು ಬೀಸುತ್ತ ತಮ್ಮನನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಓಡಿಸುತ್ತಿದ್ದಳು. ಸುತ್ತ ನಿಂತ ಜನ ಚಪ್ಪಾಳೆ ತಟ್ಟುತ್ತಿದ್ದರು.

"ಇದು ನನ್ನ ಜಾಗ!" ಕನ್ನಡಕದವರು ಕಾರಿನಿಂದಲೇ ಕೂಗಿದರು. "ಗಾಡಿ ಓಡುತ್ತೆ! ಸಭೆ ಕರೀರಿ!"

"ಯಾವ ಸಭೆ?" ಎಂದರು ಡಾಕ್ಟರು. "ಸಭೆ ಗಿಭೆ ಏನೂ ಇಲ್ಲ. ಕ್ಲಚ್ ಹಾಕಿಸಿ, ಗಾಡಿ ಆಚೆ ತೆಗೀರಿ ಅಂತ ಎರಡು ವರ್ಷ ಕೈ ಮುಗಿದ್ವಿ. ಕೇಳಿದ್ರಾ? ಬೇಡ ಅಂದ್ರೇ ನೀವು ಮಾಡೋದು ಅಂತ ನಿಮ್ಮ ಮನೆಯವರೇ ದಾರಿ ತೋರಿಸಿದ್ದು. ಯಾರು ಏನು ಬೇಡ ಅನ್ನಬೇಕು ಅಂತ ಮೊನ್ನೆಯೇ ಹಂಚಿಕೊಂಡಿದ್ವಿ. ಟೈಲರಮ್ಮ ಆ ಮುಚ್ಚಳದ ಮಾತನ್ನ ಎರಡು ದಿನ ಬಾಯಿಪಾಠ ಮಾಡಿದ್ರು."

ಕನ್ನಡಕದವರು ಹೆಂಡತಿಯತ್ತ ನೋಡಿದರು. ಆಕೆ ಬ್ಯಾಟಿನಿಂದ ಮುಖ ಮುಚ್ಚಿಕೊಂಡಳು. "ಶಾಲೇಲಿ ಆಡ್ತಿದ್ದೆ ರೀ. ಒಂದು ಮೇಜಿಗೆ ಬೇರೆಲ್ಲೂ ಜಾಗ ಇರ್ಲಿಲ್ಲ. ಕಾರನ್ನ ನಮ್ಮ ತಮ್ಮನ ಡ್ರೈವಿಂಗ್ ಸ್ಕೂಲಿನ ಶೆಡ್ಡಲ್ಲಿ ನಿಲ್ಲಿಸೋಣ, ಮಾತಾಡಿದ್ದೀನಿ. ದಿನಾ ಸಂಜೆ ಹೋಗಿ ಓಡಿಸಬಹುದು. ಸಿಟ್ಟು ಮಾಡ್ಕೋಬೇಡಿ."

ಸಿಟ್ಟೇನೋ ನೆತ್ತಿಗೇರಿತ್ತು. ಆದರೆ ಶೆಡ್ಡು ಎಂದ ಕೂಡಲೇ ಕಾರು ಉಳಿಯಿತಲ್ಲ ಎಂದು ಜೀವ ತಣ್ಣಗಾಯಿತು. ಅವರು ಎಂಜಿನ್ ಆರಿಸಿ, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದು ಇಳಿದರು.

ಡಾಕ್ಟರು ಆಗಲೇ ಕಾರಿನ ಬೆನ್ನು ಸವರುತ್ತಿದ್ದರು. "ಎಂಥ ಗಾಡಿ! ಎಷ್ಟು ವರ್ಷದಿಂದ ಕಣ್ಣಿಟ್ಟಿದ್ದೆ, ಓಡಲ್ವಲ್ಲ ಅಂತ ಸುಮ್ನಿದ್ದೆ. ಈಗ ಓಡುತ್ತೆ. ಆದ್ರೆ ನನಗಂತೂ ನೀವು ಮಾರಲ್ಲ ಬಿಡಿ. ಅಷ್ಟು ದೊಡ್ಡ ಮನಸ್ಸು ನಿಮಗೆಲ್ಲಿಂದ ಬರಬೇಕು?"

ಕನ್ನಡಕದವರ ತುಟಿ ಅದುರಿತು. ಮಾತು ನಾಲಿಗೆಯ ತುದಿಯವರೆಗೂ ಬಂದಿತು. ಆದರೆ ಒಂದೇ ದಿನ ಎರಡು ಸಲ ಹಳ್ಳಕ್ಕೆ ಬೀಳಲು ಅವರೇನು ಕುರುಡರೇ? ಹಲ್ಲು ಕಚ್ಚಿ ಹಿಡಿದರು. ಮಾತನ್ನು ನುಂಗಿದರು. "ಈ ಆಟ ನನಗೀಗ ಗೊತ್ತಾಯ್ತು ಡಾಕ್ಟ್ರೇ," ಎಂದು ಹುಟ್ಟಿದ ಮೇಲೆ ಮೊದಲ ಸಲ ತಾಳ್ಮೆಯಿಂದ ನಕ್ಕರು. "ಇನ್ನು ನಡೆಯಲ್ಲ."

ಡಾಕ್ಟರ ಮುಖ ಸಪ್ಪಗಾಯಿತು. ಅಲ್ಲಿಗೆ ಎಲ್ಲವೂ ಮುಗಿಯಬೇಕಿತ್ತು.

ಆದರೆ ಹೆಂಡತಿಗೆ ಆ ನಗು ಕಾಣಲಿಲ್ಲ, ಅದುರಿದ ತುಟಿ ಮಾತ್ರ ಕಂಡಿತ್ತು. ಮದುವೆಯಾದ ಹೊಸತರಲ್ಲಿ ಪಕ್ಕದ ಸೀಟಿನಲ್ಲಿ ಕೂತು, ಕೂದಲು ಹಾರಿಸಿಕೊಂಡು ಊರೆಲ್ಲ ಸುತ್ತಿದ ಕಾರದು. ಆಕೆ ಬ್ಯಾಟು ಬಿಸಾಕಿ ಓಡಿ ಬಂದಳು. ಬೆಳಗಿನಿಂದ ಆಕೆ ಎಷ್ಟೋ ಸಲ ಬೇಡ ಎಂದಿದ್ದಳು. ಮನಸಾರೆ ಎಂದದ್ದು ಇದೊಂದೇ.

"ಮಾರಬೇಡಿ ರೀ! ನಿಮ್ಮ ಕಾಲಿಗೆ ಬೀಳ್ತೀನಿ, ಅದನ್ನ ಮಾತ್ರ ಯಾರಿಗೂ ಮಾರಬೇಡಿ!"

ಅಂದದ್ದೇ ಆಕೆಗೆ ಜ್ಞಾನೋದಯವಾಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಾಲ ಮೀರಿತ್ತು.

"ಬೇಡ ಅನ್ನೋಕೆ ನೀನ್ಯಾರೇ?" ಕನ್ನಡಕದವರು ಎದೆ ಸೆಟೆಸಿ ನಿಂತಿದ್ದರು. "ತಗೊಳ್ಳಿ ಡಾಕ್ಟ್ರೇ, ಮಾರಿ ಆಯ್ತು!"

ಡಾಕ್ಟರು ತಟ್ಟನೆ ಬೀಗದ ಕೈ ಇಸಿದುಕೊಂಡು ಸೀಟಿನಲ್ಲಿ ಕೂತರು. ಕ್ಲಚ್ಚನ್ನು ಒಮ್ಮೆ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು.

"ಬೆಣ್ಣೆ ಕಣ್ರೀ, ಬೆಣ್ಣೆ," ಎಂದರು.