ಏಳನೇ ಬಂಡೆಯ ಮೌನವ್ರತ

ಮದುವೆಗೆ ಮುಂಚೆ ನನ್ನ ತಿಳಿವಳಿಕೆಯಲ್ಲಿ ಪ್ರಾಣಿಗಣತಿ ಎಂದರೆ ಜನಗಣತಿಯ ಕಾಡು ಶಾಖೆ. ಗಣತಿಯವರು ಫಾರಂ ಹಿಡಿದು ಗುಹೆಯಿಂದ ಗುಹೆಗೆ ಹೋಗುತ್ತಾರೆ, ಹೊರಗೆ ನಿಂತು "ಯಜಮಾನರು ಇದಾರಾ? ಮಕ್ಕಳೆಷ್ಟು?" ಎಂದು ವಿಚಾರಿಸುತ್ತಾರೆ, ಕರಡಿ ಮನೆಯಲ್ಲಿಲ್ಲದಿದ್ದರೆ ಮಾರನೆಯ ದಿನ ಮತ್ತೆ ಬರುತ್ತಾರೆ ಎಂದೇ ನಂಬಿದ್ದೆ. ಮೊದಲ ಭೇಟಿಯಲ್ಲೇ ಭಾವೀ ಮಾವನವರನ್ನು, "ಅವು ಸುಳ್ಳು ಲೆಕ್ಕ ಕೊಟ್ರೆ ಹೇಗೆ ಸಾರ್ ಪತ್ತೆ ಮಾಡ್ತೀರಿ?" ಎಂದು ವಿನಯದಿಂದ ಕೇಳಿಯೂ ಇದ್ದೆ. ಮಾವ ಕೈಲಿದ್ದ ಲೋಟ ಕೆಳಗಿಟ್ಟು ಮಗಳ ಮುಖ ನೋಡಿದರು. ಆ ನೋಟದ ಅರ್ಥ ನನಗೆ ಈಗಲೂ ಗೊತ್ತಿಲ್ಲ. (ಗೊತ್ತು. ಬರೆಯುವುದಿಲ್ಲ.)

ನಿಜವಾದ ಗಣತಿ ಬೇರೆಯೇ. ವರ್ಷಕ್ಕೊಮ್ಮೆ ಬೆಟ್ಟದ ಮೇಲಿನ ವನ್ಯಧಾಮದಲ್ಲಿ ಇಬ್ಬಿಬ್ಬರು ಒಂದೊಂದು ಬಂಡೆಯ ಮೇಲೆ ಬೆಳಗ್ಗೆ ಆರರಿಂದ ಹನ್ನೆರಡರವರೆಗೆ ತುಟಿಪಿಟಕ್ಕೆನ್ನದೆ ಕೂತು, ಕಂಡ ಪ್ರಾಣಿಗೆ ಫಾರಂನಲ್ಲಿ ಒಂದೊಂದು ಗೀಟು ಎಳೆಯಬೇಕು. ಹದಿನೆಂಟು ವರ್ಷದಿಂದ ಏಳನೇ ಬಂಡೆ ಮಾವನದು. ಅದರಲ್ಲಿ ಹನ್ನೆರಡು ವರ್ಷ ಮಗಳೇ ಜೋಡಿ. ಈ ಸಲ ಮಾವನ ಮಂಡಿ ಕೈಕೊಟ್ಟಿತು (ವೈದ್ಯರು ಕ್ಷಮಿಸಬೇಕು). ಜೋಡಿ ಇಲ್ಲದಿದ್ದರೆ ಬಂಡೆಯೂ ಇಲ್ಲ. ಆ ಬಂಡೆಗಾಗಿ ಐದು ವರ್ಷದಿಂದ ಸರದಿಯಲ್ಲಿ ಕಾದಿದ್ದ ಎಂಟನೇ ಬಂಡೆಯ ಹಲ್ಲಿನ ಡಾಕ್ಟರ್ ದಂಪತಿ ಆಗಲೇ ಎರಡು ಸಲ ಫೋನ್ ಮಾಡಿ ಮಂಡಿಯ ಯೋಗಕ್ಷೇಮ ವಿಚಾರಿಸಿದ್ದರು.

"ನಾನು ಬರ್ತೀನಿ," ಎಂದೆ.

"ನೀವಾ? ಆರು ಗಂಟೆ ಬಾಯಿ ಮುಚ್ಕೊಂಡು?" ಎಂದಳು ಹೆಂಡತಿ.

ಅನುಮಾನ ನ್ಯಾಯವಾದದ್ದೇ. ನಾನು ಬಸ್ ನಿಲ್ದಾಣದಲ್ಲಿ ಪ್ರಕಟಣೆ ಮಾಡುವವನು. ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ಕೂತಿರುತ್ತೇನೆ. ಬಸ್ ಬಂದಾಗ ಮೇಲ್ವಿಚಾರಕರು ಪಕ್ಕೆಗೆ ತಿವಿಯುತ್ತಾರೆ, ನಾನು ಘೋಷಿಸುತ್ತೇನೆ. ಒಂಬತ್ತು ವರ್ಷದಿಂದ ಅನ್ನ ಕೊಡುತ್ತಿರುವುದು ಈ ಬಾಯಿಯೇ.

ಹೊರಡುವಾಗ ಮಾವ ಮಲಗಿದ್ದಲ್ಲಿಂದಲೇ ಹೇಳಿದರು: "ಅಳಿಯಂದಿರೇ, ಆ ಬಂಡೆ ಹೋದ್ರೆ ಇವಳ ಮುಖ ನೋಡೋಕಾಗಲ್ಲ. ಕೆಮ್ಮೋದಿದ್ರೆ ಇಲ್ಲೇ ಕೆಮ್ಮಿಬಿಡಿ."

ನಾನು ಕೆಮ್ಮಿದೆ. ಇನ್ನೂ ಇದೆಯಾ ಎಂದು ಕೇಳಿದರು. ಮತ್ತೊಂದು ಸಲ ಕೆಮ್ಮಿದೆ.

ಮೂರು ಮೈಲಿಯ ಏರುದಾರಿ ಹತ್ತಿ ಬಂಡೆ ಮುಟ್ಟುವಷ್ಟರಲ್ಲಿ ನನ್ನ ಕಾಲುಗಳು ನನ್ನವಾಗಿ ಉಳಿದಿರಲಿಲ್ಲ. ಅವಳ ಕೈಯಲ್ಲಿ ದುರ್ಬೀನು, ನನ್ನ ಕೈಯಲ್ಲಿ ಫಾರಂ. ಪ್ರಾಣಿ ಕಂಡರೆ ಅವಳು ಮೊಣಕೈಯಿಂದ ತಿವಿಯಬೇಕು, ನಾನು ಗೀಟು ಎಳೆಯಬೇಕು.

"ಉಸಿರು ಸಣ್ಣಗೆ ಬಿಡಿ," ಎಂದು ಪಿಸುಗುಟ್ಟಿದಳು.

"ಇದಕ್ಕಿಂತ ಸಣ್ಣಗೆ ಬಿಟ್ರೆ ಗಣತಿಲಿ ಒಂದು ಜೀವ ಕಮ್ಮಿಯಾಗುತ್ತೆ."

"ಶ್!"

"ನಿನ್ನ 'ಶ್' ನನ್ನ ಮಾತಿಗಿಂತ ಜೋರಾಗಿತ್ತು."

ಅವಳು ಚಿವುಟಿದಳು. ಚಿವುಟಿದರೆ ಸದ್ದಾಗುವುದಿಲ್ಲ, ಆದ್ದರಿಂದಲೇ ಇರಬೇಕು, ನಿಯಮಾವಳಿಯಲ್ಲಿ ಅದಕ್ಕೆ ನಿಷೇಧವಿಲ್ಲ.

ಒಂಬತ್ತಾಯಿತು, ಹತ್ತಾಯಿತು. ಫಾರಂ ಬೆಳ್ಳಗೇ ಇತ್ತು. ಹದಿನೆಂಟು ವರ್ಷದಲ್ಲಿ ಮಾವ ಒಮ್ಮೆಯೂ ಖಾಲಿ ಫಾರಂ ಕೊಟ್ಟವರಲ್ಲ. ಅವಳ ದವಡೆ ಬಿಗಿದಿತ್ತು. ಎದುರಿನ ಎಂಟನೇ ಬಂಡೆಯಿಂದ ಹಲ್ಲಿನ ಡಾಕ್ಟರು ಪ್ರಾಣಿಗಳನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ಹತ್ತೂವರೆಗೆ ಕೆಳಗಿನ ಕೊರಕಲಿನಲ್ಲಿ ಒಂದು ಕಲ್ಲು ಉರುಳಿತು. ಬಾಗಿದ ಕೊಂಬು, ಬೂದು ಮೈ: ಕಾಡುಮೇಕೆ! ತಿವಿತ, ಗೀಟು. ಅದರ ಹಿಂದೆ ಇನ್ನೊಂದು. ತಿವಿತ, ಗೀಟು. ಹನ್ನೊಂದು ಗೀಟಾಯಿತು. ಅಷ್ಟರಲ್ಲಿ ಎಲ್ಲಕ್ಕೂ ಮುಂದಿದ್ದ ಮೇಕೆ ತಟ್ಟನೆ ನಿಂತು, ತಲೆಯೆತ್ತಿ ನಮ್ಮ ಕಡೆಯೇ ದಿಟ್ಟಿಸಿತು.

ಕಲ್ಲಾದೆವು. ಐದು ನಿಮಿಷ. ಹತ್ತು ನಿಮಿಷ. ಮೂಗಿನ ತುದಿಯಲ್ಲಿ ಬೆವರು ತೊಟ್ಟಿಕ್ಕಲು ಸಿದ್ಧವಾಗಿತ್ತು. ಇರುವೆಯೊಂದು ಕಾಲುಚೀಲದೊಳಗೆ ನನ್ನದೇ ಗಣತಿ ಶುರುಮಾಡಿತ್ತು. ಮೇಕೆ ರೆಪ್ಪೆ ಬಡಿಯಲಿಲ್ಲ, ನಾನೂ ಬಡಿಯಲಿಲ್ಲ.

ಇಂಥ ಆತಂಕದಲ್ಲಿ ಯಾರಿಗಾದರೂ ನಿದ್ದೆ ಬರುತ್ತದೆಯೇ ಎಂದು ನೀವು ಕೇಳಬಹುದು. ಕೋಳಿಗಿಂತ ಮುಂಚೆ ಎದ್ದು ಬೆಟ್ಟ ಹತ್ತಿದವನ ಬೆನ್ನಿಗೆ ಹಿತವಾದ ಬಿಸಿಲು ಬಿದ್ದರೆ ಬರುತ್ತದೆ.

ಹನ್ನೆರಡನೆಯ ಮೇಕೆ ಯಾವಾಗ ಬಂತೋ ತಿಳಿಯದು. ಪಕ್ಕೆಗೆ ತಿವಿತ ಬಿದ್ದದ್ದಷ್ಟೇ ಗೊತ್ತು. ಎದ್ದು ನಿಂತೆ. ಎದೆ ಸೆಟೆಸಿ, ಮೈಕಿನ ಅಗತ್ಯವೇ ಇಲ್ಲದ ದನಿಯಲ್ಲಿ ಘೋಷಿಸಿದೆ:

"ಪ್ರಯಾಣಿಕರ ಗಮನಕ್ಕೆ! ನಾಲ್ಕನೇ ಪ್ಲಾಟ್‌ಫಾರಂನಲ್ಲಿರುವ ಬಸ್ಸು ಇನ್ನೇನು ಹೊರಡಲಿದೆ! ದಯವಿಟ್ಟು ನೂಕಾಟ ಮಾಡಬೇಡಿ!"

ಬೆಟ್ಟ ಅದನ್ನು ಮೂರು ಸಲ ಪುನಃ ಪ್ರಸಾರ ಮಾಡಿತು. ಪ್ರಯಾಣಿಕರು ನೂಕಾಡುತ್ತಲೇ ಹೊರಟರು. ಆ ಕೊರಕಲಿನಿಂದ, ಪಕ್ಕದ ಕೊರಕಲಿನಿಂದ, ಯಾರೂ ಊಹಿಸದ ಪೊದೆಗಳಿಂದ ಮೇಕೆಗಳು ಬಯಲಿಗೆ ನುಗ್ಗಿ, ಇಡೀ ಇಳಿಜಾರಿನ ತುಂಬ ಧೂಳೆಬ್ಬಿಸಿ ಶಿಖರದಾಚೆ ಮಾಯವಾದವು.

ಹೆಂಡತಿ ನನ್ನತ್ತ ತಿರುಗಲೂ ಇಲ್ಲ. ಮಧ್ಯಾಹ್ನ ಇಳಿಯುವಾಗ ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಅಪ್ಪಂಗೆ ಏನ್ ಹೇಳ್ಲಿ?"

ಕೆಳಗಿನ ಶೆಡ್ಡಿನಲ್ಲಿ ಅರಣ್ಯಾಧಿಕಾರಿ ಎಲ್ಲ ಬಂಡೆಗಳ ಫಾರಂ ಹರಡಿಕೊಂಡು ಕೂತಿದ್ದರು. ಹಲ್ಲಿನ ಡಾಕ್ಟರು ಆಗಲೇ ಅವರ ಪಕ್ಕದಲ್ಲಿದ್ದರು. "ಏಳನೇ ಬಂಡೆಯಿಂದ ಬಸ್ ಬಿಟ್ರು ಸಾರ್. ನಾವೇ ಕಿವಿಯಾರ ಕೇಳಿದ್ವಿ."

"ನಲವತ್ಮೂರು ಮೇಕೆ!" ಎಂದರು ಅಧಿಕಾರಿ, ಫಾರಂನಿಂದ ತಲೆಯೆತ್ತಿ. "ಕೂಗಿಗೆ ಓಡಿದ್ದನ್ನ ಸುತ್ತಲ ಬಂಡೆಯವ್ರೆಲ್ಲ ಎಣಿಸಿದಾರೆ. ಹೋದ ಎರಡು ವರ್ಷ ಹತ್ತೂ ಸಿಕ್ಕಿರ್ಲಿಲ್ಲ. ಎಲ್ಲಿದ್ವು ಇಷ್ಟೂ? ಕೂಗಿದ್ದು ಯಾರು?"

ಅವರ ಮುಖದಲ್ಲಿ ನಗು ಕಂಡಿತು. ನಾನು ಹಾಳಾದದ್ದು ಆ ನಗುವಿನಿಂದ.

"ನಾನೇ ಸಾರ್," ಎಂದು ಮುಂದೆ ಬಂದೆ. "ಕೊರಕಲಲ್ಲಿ ಅಡಗಿರ್ತವೆ ಅಂತ ಅಂದಾಜಿತ್ತು. ಅದಕ್ಕೇ ಬೇಕಂತಲೇ ಒಂದು ಕೂಗು ಹಾಕ್ದೆ."

ನಗು ಆರಿತು. "ಬೇಕಂತಲೇ? ಸೀನಿದ್ರೆ ಬಿಡ್ತೀವಿ, ಕಾಲು ಜಾರಿ ಕಿರುಚಿದ್ರೂ ಬಿಡ್ತೀವಿ ಕಣ್ರೀ. ಬೇಕಂತಲೇ ಪ್ರಾಣಿ ಬೆದರಿಸಿದ್ರೆ ಬಂಡೆ ವಾಪಸ್."

ಹಲ್ಲಿನ ಡಾಕ್ಟರ ಶ್ರೀಮತಿಯವರು ಅರ್ಜಿ ಬರೆಯಲು ಪೆನ್ನು ಹುಡುಕತೊಡಗಿದರು. ಅಧಿಕಾರಿ ನನ್ನ ಹೆಂಡತಿಯ ಕಡೆ ತಿರುಗಿದರು.

"ನೀವು ಹೇಳಮ್ಮ. ನಿಮ್ಮ ಯಜಮಾನ್ರು ಬೇಕಂತಲೇ ಕೂಗಿದ್ರಾ?"

ಶೆಡ್ಡಿನಲ್ಲಿ ಮೂವತ್ತು ಜನ. ಹಾವು ಕಂಡಿತು ಎನ್ನು, ಜೇನು ಕಚ್ಚಿತು ಎನ್ನು, ಗಂಡಸಿನ ಮಾನ ಉಳಿಯುವಂಥದ್ದು ಏನಾದರೂ ಹೇಳು ಎಂದು ಕಣ್ಣಲ್ಲೇ ಅಂಗಲಾಚಿದೆ. ಅವಳು ನನ್ನನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು.

"ಇಲ್ಲ ಸಾರ್. ಗೊರಕೆ ಹೊಡೀತಿದ್ರು. ನಾನು ತಿವಿದೆ. ಬಸ್ ಬಂತು ಅಂದ್ಕೊಂಡ್ರು."